"ಬರೆಯೋ ಕಾನ್ಫಿಡೆನ್ಸೇ ಹೋಗ್ಬಿಟ್ಟಿದೆ, ಏನ್ ಮಾಡ್ಲಿ?": ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಾನು ಕಥೆ ಬರೀತೀನಿ ಅಂತ ಗೊತ್ತಿರೋರು ಸಿಕ್ಕಾಗೆಲ್ಲ ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆಮೇಲೆ ದನಿ ಇಳಿಸಿ ಕೇಳೋ ಪ್ರಶ್ನೆ ಒಂದೇ. "ಮೊದ್ಲೆಲ್ಲ ಸಲೀಸಾಗಿ ಬರೀತಿದ್ದೆ, ಈಗ ಒಂದು ಸಾಲೂ ನೆಟ್ಟಗೆ ಬರ್ತಿಲ್ಲ, ಬರೆದಿದ್ದೆಲ್ಲ ಸಪ್ಪೆ ಅನ್ಸುತ್ತೆ. ಕಾನ್ಫಿಡೆನ್ಸೇ ಹೋಗ್ಬಿಟ್ಟಿದೆ. ವಾಪಸ್ ತರೋದು ಹೇಗೆ?" ಒಬ್ಬೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೆ ಪೂರ್ತಿ ಬರೆದಿಡ್ತಿದೀನಿ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸಿದ್ರಾಯ್ತು.

ಉತ್ತರ ಮೊದಲೇ ಹೇಳ್ಬಿಡ್ತೀನಿ, ಯಾರಿಗೂ ಇಷ್ಟ ಆಗಲ್ಲ ಅಂತ ಗೊತ್ತು. ಹೋಗಿರೋ ಆ ಕಾನ್ಫಿಡೆನ್ಸ್ ವಾಪಸ್ ಬರಲ್ಲ. ಮೊದಲು ನಿಮ್ಮ ಹತ್ರ ಇದ್ದಿದ್ದು "ನಾನು ಬರೆದಿದ್ದು ಚೆನ್ನಾಗೇ ಇರುತ್ತೆ" ಅನ್ನೋ ನಂಬಿಕೆ. ಅದು ಒಂದ್ಸಲ ಹೋದ್ರೆ ಹೋಯ್ತು. ಅದರ ಜಾಗದಲ್ಲಿ ಬೆಳೀಬೋದಾಗಿರೋದು "ಕೆಟ್ಟದಾಗೇ ಬರ್ಲಿ, ತಿದ್ತೀನಿ" ಅನ್ನೋ ನಂಬಿಕೆ. ನನ್ನ ಪ್ರಕಾರ ಬರೆಯೋರಿಗೆ ಇದೊಂದಿದ್ರೆ ಸಾಕು, ಆದ್ರೆ ಹೆಚ್ಚಿನವರು ಹಳೇದನ್ನೇ ಹುಡುಕ್ತಾ ಕೂತು ಇದು ಬೆಳೆಯೋಕೆ ಜಾಗಾನೇ ಕೊಡಲ್ಲ.

ಮೊದಲು ಅದು ಹೋಗೋದಾದ್ರೂ ಯಾಕೆ ಅಂತ ನೋಡೋಣ. "ನನ್ನ ಪ್ರತಿಭೆ ಬತ್ತಿ ಹೋಯ್ತು" ಅಂತಾರೆ, ಸಾಮಾನ್ಯವಾಗಿ ಹಾಗೇನೂ ಆಗಿರಲ್ಲ. ಈ ಮಧ್ಯೆ ನೀವು ಒಳ್ಳೊಳ್ಳೇ ಪುಸ್ತಕ ಓದಿರ್ತೀರಿ, ಕಣ್ಣು ಚುರುಕಾಗಿರುತ್ತೆ, ಕೈ ಮಾತ್ರ ಅಲ್ಲೇ ಇರುತ್ತೆ. ಹಳೇ ಬರಹದಲ್ಲೂ ಇದೇ ತಪ್ಪುಗಳಿದ್ವು, ಆಗ ಕಾಣ್ತಿರ್ಲಿಲ್ಲ ಅಷ್ಟೇ. ನಂಬಿಕೆ ಇಲ್ದಿದ್ರೆ ಆ ಸುಖದ ದಿನಗಳಲ್ಲಿ ಬರೆದ ಒಂದು ಕಥೆ ತೆಗೆದು ಈಗ ಓದಿ. ನಾಲ್ಕು ಪ್ಯಾರಾ ದಾಟೋದು ಕಷ್ಟ ಆಗುತ್ತೆ. ಬೆಳವಣಿಗೆ ಆಗಿದೆ, ಆದ್ರೆ ಅದು ಬೆಳವಣಿಗೆ ಥರ ಕಾಣದೆ ಸೋಲಿನ ಥರ ಕಾಣ್ತಿದೆ.

ಇನ್ನೊಂದು ಕಾರಣ ಹೊಗಳಿಕೆ. ಹೌದು, ಹೊಗಳಿಕೆ. ಬೈಗುಳದಿಂದ ಪೆನ್ನು ಕೆಳಗಿಟ್ಟೋರ ಕಥೆ ಎಲ್ಲರೂ ಹೇಳ್ತಾರೆ, ಶಭಾಷ್ ಅನ್ನಿಸ್ಕೊಂಡು ಇಟ್ಟೋರು ಬಾಯಿ ಬಿಡಲ್ಲ, ಯಾಕಂದ್ರೆ ಅದನ್ನ ಕಷ್ಟ ಅಂತ ಹೇಳ್ಕೊಂಡ್ರೆ ಜಂಭ ಅಂತಾರೆ. ನಂಗೆ ಆಗಿದ್ದು ಇದೇ. ಒಂದು ಕಥೆಗೆ ಬಹುಮಾನ ಬಂತು, ಪತ್ರಿಕೆಯಲ್ಲಿ ಬಂತು, ಗೊತ್ತಿಲ್ಲದೋರೆಲ್ಲ ಫೋನ್ ಮಾಡಿ ಮಾತಾಡಿದ್ರು. ಅದಾದ ಮೇಲೆ ಬರೆಯೋಕೆ ಕೂತಾಗೆಲ್ಲ ಹೊಸ ಕಥೆ ಆ ಹಳೇ ಕಥೆ ಪಕ್ಕ ನಿಂತು ಎತ್ತರ ಅಳೆಸ್ಕೊಳ್ತಿತ್ತು. ಮೊದಲ ಸಾಲು ಬರೀತಿದ್ದೆ, ಅಳಿಸ್ತಿದ್ದೆ, ಮತ್ತೆ ಬರೀತಿದ್ದೆ, ಆಮೇಲೆ ಫೈಲ್ ಮುಚ್ಚಿ ಸುಮ್ನೆ ಯಾವುದೋ ವಿಡಿಯೋ ನೋಡ್ತಾ ಕೂರ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೀತು. ಕೇಳಿದೋರಿಗೆ "ಕಾದಂಬರಿ ಮಾಡ್ತಿದೀನಿ" ಅಂತಿದ್ದೆ, ಅದು ಹೇಳೋಕೆ ಚೆನ್ನಾಗಿರುತ್ತೆ.

ಈ ಅಳಿಸೋ ಚಟದ ಬಗ್ಗೆ ಮೈಕ್ ರೋಸ್ ಅನ್ನೋ ಅಮೆರಿಕದ ಸಂಶೋಧಕರ 1980ರ ಒಂದು ಪ್ರಬಂಧ ಇದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹತ್ತು ಜನ ವಿದ್ಯಾರ್ಥಿಗಳನ್ನ ಕೂರಿಸ್ಕೊಂಡು ಅವರು ಬರೆಯೋ ರೀತಿ ಬಗ್ಗೆ ವಿಚಾರಿಸಿದ್ರು. ಐದು ಜನ ಬರೆಯೋಕಾಗದೆ ಒದ್ದಾಡ್ತಿದ್ದೋರು, ಐದು ಜನ ಆರಾಮಾಗಿ ಬರೆಯೋರು. ಒದ್ದಾಡ್ತಿದ್ದೋರು ದಡ್ಡರೇನಲ್ಲ, ಅವರ ತಲೇಲಿ ನಿಯಮಗಳು ಕಲ್ಲಿನ ಥರ ಕೂತಿದ್ವು. ಒಬ್ಬಳಿಗೆ ಪ್ರತಿ ವಾಕ್ಯನೂ ಮೊದಲನೇ ಸಲಕ್ಕೇ ವ್ಯಾಕರಣಶುದ್ಧವಾಗಿ ಬರ್ಲೇಬೇಕಿತ್ತು. ಆರಾಮಾಗಿ ಬರೆಯೋರ ಹತ್ರನೂ ನಿಯಮಗಳಿದ್ವು, ಆದ್ರೆ ಒಂದು ನಿಯಮ ಕೆಲಸ ಮಾಡ್ಲಿಲ್ಲ ಅಂದ್ರೆ ಅವರು ಅದನ್ನ ಪಕ್ಕಕ್ಕಿಟ್ಟು ಮುಂದೆ ಹೋಗ್ತಿದ್ರು. ಕಾಲೇಜು ಮಕ್ಕಳ ಪ್ರಬಂಧ ಬೇರೆ, ಕಥೆ ಬೇರೆ, ಒಪ್ತೀನಿ. ಆದ್ರೂ ಮೊದಲ ಸಾಲು ಸರಿಹೋಗದೆ ಎರಡನೇ ಸಾಲಿಗೆ ಹೋಗಲ್ಲ ಅಂತ ಹಟ ಹಿಡಿಯೋ ಕಥೆಗಾರರು ಎಷ್ಟು ಜನ ಬೇಕು ನಿಮಗೆ? ನಾನೇ ತೋರಿಸ್ತೀನಿ.

ಸರಿ, ಈ ತಿದ್ದೋದು ಅಂದ್ರೇನು? ಬಾಯಲ್ಲಿ ಹೇಳೋದು ಸುಲಭ, ಒಂದು ಉದಾಹರಣೆ ನೋಡಿ. ಕಥೇಲಿ ಮಗ ದೂರ ಹೋಗಿದಾನೆ, ಅಮ್ಮ ಮನೇಲಿ ಒಬ್ಬಳೇ. ಮೊದಲ ಡ್ರಾಫ್ಟಲ್ಲಿ ಹೀಗೆ ಬಂತು ಅನ್ಕೊಳ್ಳಿ: "ಅವಳ ಕಣ್ಣುಗಳಲ್ಲಿ ನೋವಿನ ಕಡಲೇ ಮಡುಗಟ್ಟಿತ್ತು." ಮಾರನೇ ದಿನ ಓದಿದ್ರೆ ಮೈ ಉರಿಯುತ್ತೆ. ಕಾನ್ಫಿಡೆನ್ಸ್ ಹೋದೋರು ಇಲ್ಲಿಗೆ ನಿಲ್ತಾರೆ, "ನೋಡಿ, ನಂಗೆ ಬರೆಯೋಕೇ ಬರಲ್ಲ." ಆದ್ರೆ ಆ ಉರಿ ಇದ್ಯಲ್ಲ, ಅದೇ ನಿಮ್ಮ ಕಣ್ಣು ಕೆಲಸ ಮಾಡ್ತಿರೋದಕ್ಕೆ ಸಾಕ್ಷಿ, ಅದನ್ನ ಹಿಡ್ಕೊಂಡು ಪ್ರಶ್ನೆ ಕೇಳ್ತಾ ಹೋಗಿ. ಅವಳ ಕಣ್ಣನ್ನ ನೋಡ್ತಿರೋರು ಯಾರು? ಮನೇಲಿ ಬೇರೆ ಯಾರೂ ಇಲ್ಲ, ಅವಳು ಕನ್ನಡಿ ಮುಂದೆನೂ ನಿಂತಿಲ್ಲ. ಅಂದ್ಮೇಲೆ ಈ ಸಾಲು ಕಥೆಯೊಳಗಿನದ್ದಲ್ಲ, ಬರೆದೋರು ಹೊರಗಿನಿಂದ ತಂದು ಅಂಟಿಸಿದ್ದು. ಹೊಡೆದು ಹಾಕಿ. "ಅವಳಿಗೆ ಬೇಜಾರಾಯಿತು" ಅಂತ ಬರೀರಿ. ಸಪ್ಪೆ, ಆದ್ರೆ ಸುಳ್ಳಿಲ್ಲ. ಈಗ ಇನ್ನೊಂದು ಪ್ರಶ್ನೆ, ಆ ಬೇಜಾರಲ್ಲಿ ಅವಳ ಕೈ ಏನು ಮಾಡ್ತಿದೆ? "ಅವನ ರೂಮಿಗೆ ಹೋಗಿ ಫ್ಯಾನ್ ಹಾಕಿದಳು. ಸ್ವಲ್ಪ ಹೊತ್ತು ಬಿಟ್ಟು ಆರಿಸಿದಳು." ಬೇಜಾರು ಅನ್ನೋ ಪದ ಇನ್ನು ಬೇಕಾ? ಬೇಡ, ಅದನ್ನೂ ತೆಗೀರಿ.

ಇದೇನು ಮಹಾ ಸಾಲಲ್ಲ. ಆದ್ರೆ ಕಡಲಿನಿಂದ ಫ್ಯಾನಿಗೆ ಬಂದಿದ್ದು ಸ್ಫೂರ್ತಿಯಿಂದ ಅಲ್ಲ, ಪ್ರಶ್ನೆ ಕೇಳಿದ್ರಿಂದ. ಸ್ಫೂರ್ತಿ ನಾಳೆ ಬರುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ, ಪ್ರಶ್ನೆ ಮಾತ್ರ ನಾಳೆನೂ ಕೇಳ್ಬೋದು, ಜ್ವರ ಬಂದಾಗಲೂ ಕೇಳ್ಬೋದು. ನಾನು ಹೇಳ್ತಿರೋ ಕಾನ್ಫಿಡೆನ್ಸ್ ಇಷ್ಟೇ.

ಅದಕ್ಕೇ ನನ್ನ ಹತ್ರ ಬಂದೋರಿಗೆ ಹೊಸದು ಬರೀರಿ ಅಂತ ನಾನು ಹೇಳಲ್ಲ. ದಿನಾ ಇಷ್ಟು ಪದ ಬರೀರಿ, ಬೆಳಗ್ಗೆ ಐದಕ್ಕೆ ಏಳಿ, ಹೊಸ ನೋಟ್‌ಬುಕ್ ತಗೊಳ್ಳಿ ಅಂತೆಲ್ಲ ಸಲಹೆ ಕೊಡೋರಿದಾರೆ, ಕೆಲವರಿಗೆ ವರ್ಕ್ ಆಗುತ್ತೆ. ಆದ್ರೆ ಹೆದರಿರೋರನ್ನ ಖಾಲಿ ಹಾಳೆ ಮುಂದೆ ಕೂರಿಸೋದು ಈಜು ಮರೆತೋರನ್ನ ಬಾವಿಗೆ ತಳ್ಳಿದ ಹಾಗೆ. ಹಳೇ ಡ್ರಾಫ್ಟ್ ಒಂದನ್ನ ತೆಗೀರಿ, ಆದಷ್ಟು ಕೆಟ್ಟದ್ದೇ ತೆಗೀರಿ, ಅದರಲ್ಲಿ ಒಂದೇ ಒಂದು ಪ್ಯಾರಾ ಆರಿಸ್ಕೊಳ್ಳಿ. ಗಟ್ಟಿಯಾಗಿ ಓದಿ, ನಾಲಗೆ ಎಲ್ಲಿ ತಡವರಿಸುತ್ತೋ ಅಲ್ಲಿ ಗುರುತು ಹಾಕಿ. ಆ ಜಾಗಗಳನ್ನ ಮಾತ್ರ ಸರಿ ಮಾಡಿ. ಹಳೇದು ಹೊಸದು ಎರಡೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡನೇದು ಸ್ವಲ್ಪನಾದ್ರೂ ಮೇಲಾಗಿ ಕಂಡ್ರೆ ಆ ಸಾಕ್ಷಿ ಕಾಗದದ ಮೇಲೆ ಇದೆ, ಯಾರ ಸರ್ಟಿಫಿಕೇಟೂ ಬೇಡ. ಹೀಗೆ ಒಂದಷ್ಟು ದಿನ ಮಾಡಿದ್ಮೇಲೆ ಒಂದು ಪುಟದ ಚಿಕ್ಕ ಕಥೆ, ಅದಕ್ಕೊಂದು ಕೊನೆ ಇರ್ಲೇಬೇಕು. ಕೊನೆ ಕೆಟ್ಟದಾಗಿದ್ರೂ ಪರವಾಗಿಲ್ಲ, ಮುಗೀಬೇಕು. ಅರ್ಧಕ್ಕೆ ನಿಂತ ಹತ್ತು ಕಥೆಗಳು "ನಿನ್ನ ಕೈಲಾಗಲ್ಲ" ಅಂತ ಹತ್ತು ಸಲ ಹೇಳ್ತವೆ.

ಆಲ್ಬರ್ಟ್ ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞ 1977ರಲ್ಲಿ ಈ "ನನ್ನ ಕೈಲಾಗುತ್ತೆ" ಅನ್ನೋ ನಂಬಿಕೆ ಎಲ್ಲಿಂದ ಹುಟ್ಟುತ್ತೆ ಅಂತ ವಿವರಿಸಿದ್ರು. ನಾಲ್ಕು ಮೂಲ ಹೇಳ್ತಾರೆ: ನಾವೇ ಮಾಡಿ ಗೆದ್ದಿದ್ದು, ನಮ್ಮಂಥೋರು ಮಾಡೋದನ್ನ ನೋಡಿದ್ದು, ಬೇರೆಯವರು ಹುರಿದುಂಬಿಸಿದ್ದು, ಮತ್ತೆ ನಮ್ಮ ದೇಹ ಮನಸ್ಸಿನ ಆಗಿನ ಸ್ಥಿತಿ. ಅದರಲ್ಲಿ ಮೊದಲನೇದೇ ಎಲ್ಲಕ್ಕಿಂತ ಬಲವಾದದ್ದು. ಆದ್ರೆ ನಾವು ಓಡೋದು ಮೂರನೇದರ ಹಿಂದೆ, ಗೆಳೆಯರಿಗೆ ಕಳಿಸಿ "ಹೇಗಿದೆ?" ಅಂತ ಕೇಳೋದು, ಅವರು "ಸೂಪರ್" ಅನ್ನೋದು, ಸಂಜೆವರೆಗೆ ಖುಷಿ, ರಾತ್ರಿ ಮತ್ತೆ ಅದೇ ಗೋಳು.

ಎರಡನೇದರಲ್ಲಿ ಬರೆಯೋರಿಗೆ ಒಂದು ವಿಶೇಷ ತೊಂದರೆ ಇದೆ. ಡ್ಯಾನ್ಸ್ ಕಲಿಯೋರು ಬೇರೆಯವರು ಎಡವೋದನ್ನ ನೋಡ್ತಾರೆ, ಆಟ ಆಡೋರು ನೋಡ್ತಾರೆ. ನಮಗೆ ಸಿಗೋದು ಅಚ್ಚಾದ ಪುಸ್ತಕ ಮಾತ್ರ. ಹೊಡೆದು ಹಾಕಿದ ಪುಟಗಳು, ಕಿತ್ತೆಸೆದ ಅಧ್ಯಾಯಗಳು ಯಾವುದೂ ಕಣ್ಣಿಗೆ ಬೀಳಲ್ಲ, ಹಾಗಾಗಿ ಎಲ್ಲರೂ ಒಂದೇ ಉಸಿರಲ್ಲಿ ಬರೆದ್ರು ಅಂತ ಅನ್ಕೊಂಡ್ಬಿಡ್ತೀವಿ. ಅದಕ್ಕೇ ಲೇಖಕರ ಡೈರಿಗಳನ್ನ ಓದಿ ಅಂತೀನಿ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1938ರಲ್ಲಿ "ದ ಗ್ರೇಪ್ಸ್ ಆಫ್ ರಾತ್" ಬರೆಯುವಾಗ ಜೊತೆಜೊತೆಗೇ ಒಂದು ದಿನಚರಿ ಇಟ್ಟಿದ್ರು. ಅದರಲ್ಲಿ ನಾನು ಲೇಖಕನೇ ಅಲ್ಲ, ನನ್ನನ್ನೂ ಜನರನ್ನೂ ಯಾಮಾರಿಸ್ತಾ ಬಂದಿದೀನಿ ಅನ್ನೋ ಅರ್ಥದ ಮಾತು ಬರೆದ್ಕೊಂಡಿದಾರೆ. ಆ ಕಾದಂಬರಿಗೆ 1940ರಲ್ಲಿ ಪುಲಿಟ್ಜರ್ ಬಂತು, 1962ರಲ್ಲಿ ಅವರಿಗೆ ನೊಬೆಲ್ಲೂ ಬಂತು. ಡೈರಿ ಮಾತ್ರ ಅಚ್ಚಾಗಿದ್ದು 1989ರಲ್ಲಿ, ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿದ್ಮೇಲೆ. ಗಮನಿಸಬೇಕಾದ್ದು ಅಂದ್ರೆ ಆ ಅಳುಕು ಇಟ್ಕೊಂಡೇ ಅವರು ದಿನದ ಪಾಲಿನ ಪುಟಗಳನ್ನ ಬರೀತಾ ಹೋದ್ರು, ಅಳುಕು ಹೋಗ್ಲಿ ಆಮೇಲೆ ಬರೀತೀನಿ ಅಂತ ಕಾದಿದ್ರೆ ಪುಸ್ತಕನೂ ಇರ್ತಿರ್ಲಿಲ್ಲ, ಡೈರಿ ಓದೋರೂ ಇರ್ತಿರ್ಲಿಲ್ಲ.

"ದೊಡ್ಡೋರೊಬ್ಬರು ನನ್ನ ಬರಹ ನೋಡಿ ಮುಖ ಸಿಂಡರಿಸಿದ್ರು, ಆವತ್ತಿಂದ ಬರೆಯೋಕಾಗ್ತಿಲ್ಲ" ಅನ್ನೋರಿಗೆ ನಾನು ಕುವೆಂಪು ಅವರದ್ದು ನೆನಪಿಸ್ತೀನಿ. ಅವರು ಶುರು ಮಾಡಿದ್ದು ಇಂಗ್ಲಿಷ್ ಕವಿತೆಯಿಂದ, 1922ರಲ್ಲಿ "ಬಿಗಿನರ್ಸ್ ಮ್ಯೂಸ್" ಅಂತ ಪುಸ್ತಕನೂ ಬಂದಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವಿತೆ ತೋರಿಸಿದಾಗ ಸಿಕ್ಕಿದ್ದು ಮೆಚ್ಚುಗೆ ಅಲ್ಲ, ನಿಮ್ಮ ಭಾಷೇಲಿ ಬರೀರಿ ಅನ್ನೋ ಸಲಹೆ. ಆ ವಯಸ್ಸಿನ ಹುಡುಗನಿಗೆ ಇದು ತಣ್ಣೀರು ಎರಚಿದ ಹಾಗೇ. ಮುಂದೆ ಏನಾಯ್ತು ಅಂತ ಕನ್ನಡದೋರಿಗೆ ನಾನು ಹೇಳ್ಬೇಕಾಗಿಲ್ಲ. ಆದ್ರೆ ನಿಮಗೆ ಸಿಕ್ಕ ಮಾತನ್ನ ಒಂದ್ಸಲ ಜರಡಿ ಹಿಡೀರಿ. ಅದರಲ್ಲಿ ಮಾಡೋಕೆ ಏನಾದ್ರೂ ಇದ್ಯಾ? "ಮಧ್ಯದಲ್ಲಿ ಎಳೀತು", "ಈ ಪಾತ್ರ ಯಾಕೆ ಬಂತು ಗೊತ್ತಾಗ್ಲಿಲ್ಲ" ಅಂದಿದ್ರೆ ಅದು ಕೆಲಸಕ್ಕೆ ಬರುತ್ತೆ. "ನಿಮಗೆ ಇದೆಲ್ಲ ಯಾಕೆ" ಅಂದಿದ್ರೆ ಅದರಲ್ಲಿ ತಿದ್ದೋಕೆ ಏನೂ ಇಲ್ಲ, ಬಿಟ್ಹಾಕಿ. ಗೆಳೆಯರಿಗೆ ತೋರಿಸುವಾಗಲೂ "ಹೇಗಿದೆ" ಅಂತ ಕೇಳ್ಬೇಡಿ, "ಎಲ್ಲಿ ಬೋರ್ ಹೊಡೀತು" ಅಂತ ಕೇಳಿ. ಸುಳ್ಳು ಹೇಳೋಕೆ ಅವರಿಗೂ ಕಷ್ಟ ಆಗುತ್ತೆ.

ಇತ್ತೀಚೆಗೆ ಈ ಪ್ರಶ್ನೆಗೆ ಒಂದು ಬಾಲ ಸೇರ್ಕೊಂಡಿದೆ: "ಎಐಗೆ ಹೇಳಿದ್ರೆ ಅರೆಕ್ಷಣದಲ್ಲಿ ನನಗಿಂತ ನೀಟಾಗಿ ಬರೆದುಕೊಡುತ್ತೆ, ನಾನ್ಯಾಕೆ ಬರೀಲಿ?" ನೀಟಾಗಿ ಬರೆಯುತ್ತೆ, ನಿಜ. ಅದನ್ನ ಬಳಸೋದು ಬಿಡೋದು ಅವರವರ ಇಷ್ಟ. ಆದ್ರೆ ಕಾನ್ಫಿಡೆನ್ಸ್ ಬೇಕು ಅಂತ ಕೇಳ್ತಿರೋರು ತಿದ್ದೋ ಕೆಲಸನೇ ಅದಕ್ಕೆ ವಹಿಸಿಬಿಟ್ರೆ ಬೆಳೀಬೇಕಾಗಿದ್ದ ಕೈ ಬೆಳೆಯಲ್ಲ. ಕಥೆ ಬೇಕಾ, ಕಥೆ ಬರೆಯೋಕೆ ಬರ್ಬೇಕಾ ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ, ಎರಡೂ ಬೇರೆ ಬೇರೆ ಆಸೆ.

ಬಂಡೂರಾ ಹೇಳಿದ ನಾಲ್ಕನೇದನ್ನ, ಅಂದ್ರೆ ದೇಹ ಮನಸ್ಸಿನ ಸ್ಥಿತಿಯನ್ನ, ಮಾತ್ರ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ರಷ್ಯಾದ ಸಂಗೀತಗಾರ ರಾಖ್ಮನಿನೋಫ್ ಅವರ ಮೊದಲ ಸಿಂಫನಿ 1897ರಲ್ಲಿ ಹೀನಾಯವಾಗಿ ಸೋತಿತು, ಆಮೇಲೆ ವರ್ಷಗಟ್ಟಲೆ ಅವರ ಕೈಲಿ ಸಂಗೀತ ರಚಿಸೋಕೇ ಆಗ್ಲಿಲ್ಲ. 1900ರಲ್ಲಿ ನಿಕೊಲಾಯ್ ಡಾಲ್ ಅನ್ನೋ ಡಾಕ್ಟರ ಹತ್ರ ಚಿಕಿತ್ಸೆ ತಗೊಂಡ್ರು. ಆಮೇಲೆ ಅವರ ಎರಡನೇ ಪಿಯಾನೋ ಕನ್ಚೆರ್ಟೋ ಅನ್ನೋ ರಚನೆ 1901ರಲ್ಲಿ ಪೂರ್ತಿಯಾಗಿ ಜನರ ಮುಂದೆ ಬಂತು, ಅದನ್ನ ಆ ಡಾಕ್ಟರಿಗೇ ಅರ್ಪಿಸಿದಾರೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, ನನ್ನ ಹತ್ರ ಬಂದು "ಬರೆಯೋಕಾಗ್ತಿಲ್ಲ" ಅನ್ನೋರಲ್ಲಿ ಕೆಲವರಿಗೆ ಬರೆಯೋದೊಂದೇ ಅಲ್ಲ, ಓದೋದೂ ಬೇಡ, ಜನರೂ ಬೇಡ, ನಿದ್ದೆನೂ ಇಲ್ಲ ಅನ್ನೋ ಸ್ಥಿತಿ ಇರುತ್ತೆ. ಅಂಥೋರಿಗೆ ಹಳೇ ಡ್ರಾಫ್ಟ್ ತಿದ್ದಿ ಅಂತ ನಾನು ಹೇಳಲ್ಲ, ಡಾಕ್ಟರಿಗೆ ತೋರಿಸಿ ಅಂತೀನಿ. ಡ್ರಾಫ್ಟ್ ಎಲ್ಲಿಗೂ ಹೋಗಲ್ಲ, ಆಮೇಲೆ ತಿದ್ದಿದ್ರಾಯ್ತು.