ಮಧುಗಿರಿ, ಪಾವಗಡದ ಬಿಸಿಲು ಮತ್ತು ಗಾಡಿಯ ಎರಡನೇ ಬ್ಯಾಟರಿ

ಬೆಂಗಳೂರಿನಿಂದ ಕ್ಯಾತ್ಸಂದ್ರಕ್ಕೆ ಹೆಚ್ಚುಕಮ್ಮಿ ಒಂದೂವರೆ ಗಂಟೆ. ತಟ್ಟೆ ಇಡ್ಲಿಗೆ ಗಾಡಿ ನಿಲ್ಲಿಸುವ ಹೊತ್ತಿಗೆ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಎಂಜಿನ್ ಓಡುವಾಗ ಮುಖ್ಯ ಬ್ಯಾಟರಿಯ ಕಡೆಯಿಂದ ಕರೆಂಟ್ ಎಳೆದು ಇನ್ನೊಂದನ್ನು ತುಂಬಿಸುವ ಸಾಧನ) ಫ್ರಿಜ್ಜಿಗೆಂದು ಡಿಕ್ಕಿಯಲ್ಲಿಟ್ಟ ಎರಡನೇ ಬ್ಯಾಟರಿಗೆ 25 ಆಂಪಿಯರ್-ಅವರ್‌ಗೂ ಹೆಚ್ಚು ತುಂಬಿಸಿರುತ್ತದೆ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). 40 ಲೀಟರಿನ ಕಂಪ್ರೆಸರ್ ಫ್ರಿಜ್ ಬೇಸಿಗೆಯಲ್ಲಿ ದಿನಕ್ಕೆ 35ರಿಂದ 45 ಆಂಪಿಯರ್-ಅವರ್ ತಿನ್ನುತ್ತದೆ. ಅಂದರೆ ದಿನಾ ಎರಡು ಗಂಟೆ, ಎರಡೂವರೆ ಗಂಟೆ ಗಾಡಿ ಓಡಿದರೆ ಸಾಕು. ಆದರೆ ತುಮಕೂರು ಜಿಲ್ಲೆಯಲ್ಲಿ ನೋಡುವ ಜಾಗಗಳೆಲ್ಲ ಹತ್ತಿರ ಹತ್ತಿರ. ಓಡುವುದಕ್ಕಿಂತ ನಿಲ್ಲುವ ಹೊತ್ತೇ ಜಾಸ್ತಿ.

ಕ್ಯಾತ್ಸಂದ್ರದಿಂದ ಹೊರಡುವ ಮುಂಚೆ ಎಂಜಿನ್ ಚಾಲೂ ಇಟ್ಟು ಮಲ್ಟಿಮೀಟರ್ ಹಿಡಿಯಬೇಕು. ಮುಖ್ಯ ಬ್ಯಾಟರಿಯ ವೋಲ್ಟೇಜಿಗೂ ಚಾರ್ಜರ್ ಇನ್‌ಪುಟ್ಟಿನ ವೋಲ್ಟೇಜಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ವೈರ್ ಸಣ್ಣದಾಗಿದೆ, ಇಲ್ಲವೇ ವೈರಿನ ತುದಿಯ ಲಗ್ ಸಡಿಲವಾಗಿದೆ. ಬಾನೆಟ್ಟಿನಿಂದ ಡಿಕ್ಕಿಗೆ ಐದು ಮೀಟರ್ ಎಳೆಯಲು 16 ಚದರ ಮಿಮೀ ತಾಮ್ರದ ವೈರೇ ಬೇಕು. 4 ಚದರ ಮಿಮೀ ಹಾಕಿದರೆ 25 ಆಂಪಿಯರ್‌ಗೆ ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು 40 ಆಂಪಿಯರ್ ಫ್ಯೂಸ್ ಇರಲಿ. ಹಣ ಉಳಿಸಲೆಂದು ಚಾರ್ಜರ್ ಬದಲು ಬರೀ ರಿಲೇ (ಎರಡೂ ಬ್ಯಾಟರಿ ಜೋಡಿಸುವ ಸ್ವಿಚ್) ಕೂರಿಸುವವರಿದ್ದಾರೆ. ಇಂಧನ ಉಳಿಸಲು ವೋಲ್ಟೇಜ್ ಇಳಿಸುವ, ಎಂಜಿನ್ನಿನಿಂದ ಕರೆಂಟ್ ಮಾಡುವ ಈಗಿನ ಸ್ಮಾರ್ಟ್ ಆಲ್ಟರ್ನೇಟರ್‌ಗಳ ಮುಂದೆ ಅದು ದಂಡ.

ಕೊರಟಗೆರೆ ದಾಟಿ ಮಧುಗಿರಿ. ಏಕಶಿಲಾ ಬೆಟ್ಟ ಹತ್ತಿ ಇಳಿಯಲು ಅರ್ಧ ದಿನ ಹಿಡಿಯುತ್ತದೆ. ಅಷ್ಟು ಹೊತ್ತೂ ಗಾಡಿ ಬಿಸಿಲಲ್ಲಿ ನಿಂತರೆ ಒಳಗಿನ ಶಾಖ 50 ಡಿಗ್ರಿ ದಾಟಿ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ನೆರಳು ಹುಡುಕಿ, ಫ್ರಿಜ್ಜಿನ ಗಾಳಿಕಿಂಡಿಗೆ ಒತ್ತಿಕೊಂಡ ಬ್ಯಾಗು ತೆಗೆದು, ಖಾಲಿ ಜಾಗಕ್ಕೆ ಮನೆಯಲ್ಲೇ ಗಟ್ಟಿ ಮಾಡಿದ ನೀರಿನ ಬಾಟಲಿ ತುಂಬಿ ಬೆಟ್ಟಕ್ಕೆ ಹೊರಡಿ. ಫ್ರಿಜ್ಜಿನ ಬ್ಯಾಟರಿ ರಕ್ಷಣೆ (ವೋಲ್ಟೇಜ್ ಇಳಿದರೆ ಫ್ರಿಜ್ ಆಫ್ ಮಾಡುವ ಸೆಟ್ಟಿಂಗ್) 'ಹೈ'ನಲ್ಲಿದ್ದರೆ 'ಲೋ'ಗೆ ತನ್ನಿ; 'ಹೈ' ಇರುವುದು ಮುಖ್ಯ ಬ್ಯಾಟರಿಗೆ. ಇಲ್ಲವಾದರೆ ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇದ್ದರೂ ಕಂಪ್ರೆಸರ್ ಶುರುವಾಗುವ ಎಳೆತಕ್ಕೆ ವೋಲ್ಟೇಜ್ ಕುಸಿದು, ಫ್ರಿಜ್ ಆಫ್ ಆಗಿ ಮೊಸರು ಹುಳಿಯಾಗುತ್ತದೆ. ಸಿಗರೇಟ್ ಸಾಕೆಟ್ಟಂತೂ ಬೇಡ. ಹಳ್ಳಿ ರಸ್ತೆಯ ಕುಲುಕಾಟಕ್ಕೆ ಪಿನ್ ಸಡಿಲಾಗಿ ಬಿಸಿಯಾಗುತ್ತದೆ. ಬಿಗಿಯಾಗಿ ಕೂರುವ ಆಂಡರ್ಸನ್ ಕನೆಕ್ಟರ್ ಹಾಕಿಸಿ.

100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80 ಧಾರಾಳವಾಗಿ ಬಳಸಬಹುದು, ಲೆಡ್-ಆಸಿಡ್‌ನಲ್ಲಿ 50. ಲಿಥಿಯಂನ ವೋಲ್ಟೇಜ್ ನೋಡಿ ಮೋಸಹೋಗಬೇಡಿ. ಅರ್ಧ ಖಾಲಿಯಾದರೂ ಅದು 13.2ರ ಆಸುಪಾಸಿನಲ್ಲೇ ಇರುತ್ತದೆ, ಒಳಹೋದ, ಹೊರಬಂದ ಕರೆಂಟ್ ಎಣಿಸುವ ಷಂಟ್ ಮೀಟರ್ ಒಂದೇ ನಿಜ ಹೇಳುತ್ತದೆ.

ಪಾವಗಡದ ತಿರುಮಣಿಯಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಹರಡಿದೆ. ಇಲ್ಲಿ ಬಿಸಿಲಿಗೆ ಬರವಿಲ್ಲ. 100 ವ್ಯಾಟ್‌ನ ಮಡಚುವ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 28-30 ಆಂಪಿಯರ್-ಅವರ್ ಕೊಡುತ್ತದೆ. ಗಾಡಿ ಹುಣಸೆ ಮರದಡಿ, ಪ್ಯಾನೆಲ್ ಬಯಲಲ್ಲಿ ಇರಲಿ. ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹೊಂದಿಸುವ ಎಂಪಿಪಿಟಿ ಕಂಟ್ರೋಲರ್ ಮಾತ್ರ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಅರ್ಧಕ್ಕೂ ಇಳಿಯಬಹುದು. ಗಂಟೆಗೊಮ್ಮೆ ಸೂರ್ಯನ ಕಡೆ ತಿರುಗಿಸಿ, ಧೂಳು ಒರೆಸಿ.

ವಾಪಸು ಬರುವಾಗ ದೇವರಾಯನದುರ್ಗದಲ್ಲಿ ಪ್ಯಾನೆಲ್ ಹರಡುವ ಯೋಚನೆ ಬಿಡಿ. ಅಲ್ಲಿನ ಮಂಗಗಳು ವೈರನ್ನೂ ಬಿಡುವುದಿಲ್ಲ, ಫ್ರಿಜ್ಜಿನ ಮುಚ್ಚಳ ತೆರೆದರಂತೂ ಮುಗಿಯಿತು.