ದೊಡ್ಡಮ್ಮ ಮುಟ್ಟದ ಔಷಧಿಗಳು

ಪಾಂಡವಪುರದ ಬಳಿಯ ಹಳ್ಳಿಯೊಂದರಲ್ಲಿರುವ ನನ್ನ ದೊಡ್ಡಮ್ಮನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕಳೆದ ಬೇಸಿಗೆಯಲ್ಲಿ ಮೂರನೆಯ ಬಾರಿ ಉರಿಮೂತ್ರ ಕಾಣಿಸಿಕೊಂಡಾಗ, ಮೈಸೂರಿನಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೇ ಮೂತ್ರದ ಮಾದರಿಯನ್ನು ತರಿಸಿಕೊಂಡೆ. ಮೊದಲ ದಿನ ಬೆಳೆದದ್ದು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಹೆಚ್ಚು. ಅದನ್ನು ಅಗರ್ ತಟ್ಟೆಯ ಮೇಲೆ ತೆಳುವಾಗಿ ಹರಡಿ, ಒಂದೊಂದು ಔಷಧಿಯನ್ನು ಹೀರಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಟ್ಟು, ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಬಿಟ್ಟೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಮೂಡಬೇಕು. ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್, ಜೆಂಟಾಮೈಸಿನ್ ಮತ್ತು ಸಿಪ್ರೋಫ್ಲಾಕ್ಸಸಿನ್ ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾದ ಬೂದುಬಣ್ಣದ ಹಾಸು ಬಂದು ನಿಂತಿತ್ತು. ನೈಟ್ರೋಫ್ಯುರಾಂಟಾಯಿನ್ ಮತ್ತು ಮೆರೋಪೆನೆಮ್‌ಗಳ ಸುತ್ತ ಮಾತ್ರ ಅಗಲವಾದ ವೃತ್ತಗಳಿದ್ದವು.

ವರದಿಯನ್ನು ಓದಿ ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಜೆಂಟಾಮೈಸಿನ್ ಅನ್ನೋದನ್ನ ನಾನು ಮುಟ್ಟೇ ಇಲ್ಲ ಕಣ್ಮಗ, ಆಗ್ಲೇ ಅದು ನಾಟಲ್ಲ ಅಂದ್ರೆ ಹೆಂಗೆ?" ಅವರು ಅದುವರೆಗೆ ನುಂಗಿದ್ದು ಸಿಫಿಕ್ಸಿಮ್ ಒಂದನ್ನೇ. ಅದನ್ನೂ ಎರಡು ಸಲವೂ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ತರಿಸಿ, ಉರಿ ತಗ್ಗಿದ ಕೂಡಲೇ ನಿಲ್ಲಿಸಿದ್ದರು. (2014ರ ಮಾರ್ಚಿನಿಂದ ಜಾರಿಯಲ್ಲಿರುವ, ಔಷಧಿ ಮಾರಾಟದ ನಿಯಮಗಳ ಎಚ್1 ಅನುಸೂಚಿಯಂತೆ ಆ ಮಾತ್ರೆಯನ್ನು ಮಾರುವ ಅಂಗಡಿ, ಚೀಟಿ ಬರೆದ ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪುಸ್ತಕವನ್ನು ನೋಡುವ ಆಸೆ ನನಗಿದೆ.)

ದೊಡ್ಡಮ್ಮನ ಪ್ರಶ್ನೆ ಸಣ್ಣದಲ್ಲ. ಬ್ಯಾಕ್ಟೀರಿಯಾ ವಿಭಜನೆಯಾಗುವಾಗ ಅದರ ಡಿಎನ್ಎಯಲ್ಲಿ ಆಗುವ ನಕಲಿನ ತಪ್ಪಿನಿಂದಲೇ ಔಷಧಿಗೆ ಪ್ರತಿರೋಧ ಹುಟ್ಟುವುದೆಂದು ಭಾವಿಸಿದರೆ ಲೆಕ್ಕ ಕೂಡುವುದಿಲ್ಲ. ಒಂದು ಔಷಧಿಯನ್ನು ತಾಳಿಕೊಳ್ಳುವ ತಪ್ಪು ಹತ್ತು ಕೋಟಿ ಕೋಶಗಳಲ್ಲಿ ಒಂದರಲ್ಲಿ ಆಗುತ್ತದೆಂದು ಇಟ್ಟುಕೊಂಡರೆ, ಎರಡು ಔಷಧಿಗಳದು ಒಂದೇ ಕೋಶದಲ್ಲಿ ಒಟ್ಟಿಗೆ ಆಗಲು ಒಂದರ ಮುಂದೆ ಹದಿನಾರು ಸೊನ್ನೆಗಳಷ್ಟು ಕೋಶಗಳು ಬೇಕು. ಕ್ಷಯರೋಗಕ್ಕೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವುದರ ಹಿಂದಿರುವುದು ಇದೇ ಲೆಕ್ಕ. ಕ್ಷಯದ ಬ್ಯಾಕ್ಟೀರಿಯಾ ಇತರ ಬ್ಯಾಕ್ಟೀರಿಯಾಗಳಿಂದ ಪ್ರತಿರೋಧವನ್ನು ಎರವಲು ಪಡೆಯುವುದಿಲ್ಲವಾದ್ದರಿಂದ ಅಲ್ಲಿ ಆ ಲೆಕ್ಕ ನಡೆಯುತ್ತದೆ.

ಕರುಳಿನ ಬ್ಯಾಕ್ಟೀರಿಯಾಗಳ ಸಂಗತಿ ಬೇರೆ. 1950ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆಯ ಶಿಗೆಲ್ಲ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಈ ನಾಲ್ಕಕ್ಕೂ ಒಮ್ಮೆಗೇ ಬಗ್ಗದಂತಾಯಿತು. 1959ರಲ್ಲಿ ಅಲ್ಲಿನ ಸಂಶೋಧಕರಾದ ಒಚಿಯಾಯ್ ಮತ್ತು ಅಕಿಬ ಅವರ ತಂಡಗಳು ಪ್ರತಿರೋಧವಿರುವ ಇ. ಕೋಲಿಯನ್ನೂ ಪ್ರತಿರೋಧವಿಲ್ಲದ ಶಿಗೆಲ್ಲವನ್ನೂ ಒಟ್ಟಿಗೆ ಬೆಳೆಸಿದಾಗ, ನಾಲ್ಕೂ ಗುಣಗಳು ಒಂದೇ ಕಂತಿನಲ್ಲಿ ಶಿಗೆಲ್ಲಕ್ಕೆ ದಾಟಿದ್ದವು. ಹಾಗೆ ದಾಟುವುದು ಪ್ಲಾಸ್ಮಿಡ್ ಎಂಬ ಡಿಎನ್ಎ ಬಳೆ. ಬ್ಯಾಕ್ಟೀರಿಯಾದ ಮುಖ್ಯ ಡಿಎನ್ಎಯಿಂದ ಬೇರೆಯಾಗಿರುವ ಇದು, ಎರಡು ಕೋಶಗಳು ಪರಸ್ಪರ ಅಂಟಿಕೊಂಡಾಗ ತನ್ನದೊಂದು ಪ್ರತಿಯನ್ನು ನೆರೆಯ ಕೋಶಕ್ಕೆ ಕಳಿಸಿಕೊಡುತ್ತದೆ. ನೆರೆಯ ಕೋಶ ಅದೇ ಜಾತಿಯದೇ ಆಗಬೇಕೆಂದಿಲ್ಲ. ಡಿಎನ್ಎಯಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುವ ಜೀನ್‌ಗಳು ಬೇರೆ ಬೇರೆ ಕಡೆಯಿಂದ ಬಂದು ಇದೇ ಬಳೆಯಲ್ಲಿ ಸೇರಿಕೊಳ್ಳುವುದರಿಂದ, ಕಾಲಾಂತರದಲ್ಲಿ ಅದು ಬುತ್ತಿಗಂಟಿನ ಹಾಗೆ ಹಲವು ಪ್ರತಿರೋಧಗಳನ್ನು ಕಟ್ಟಿಕೊಂಡಿರುತ್ತದೆ. ಒಂದು ಔಷಧಿಯನ್ನು ಬಳಸಿದಾಗ ಉಳಿಯುವುದು ಇಡೀ ಗಂಟನ್ನು ಹೊತ್ತ ಕೋಶ. ಸಿಫಿಕ್ಸಿಮ್ ನುಂಗಿದರೆ ಜೆಂಟಾಮೈಸಿನ್ ಕೂಡ ನಾಟದಂತಾಗುವುದು ಹೀಗೆ.

ದೊಡ್ಡಮ್ಮನ ತಟ್ಟೆಯಲ್ಲಿ ಇದರ ಸುಳಿವು ಕಾಣುತ್ತಿತ್ತು. ಸಿಫಿಕ್ಸಿಮ್ ಗುಂಪಿನದೇ ಆದ ಸೆಫೊಟಾಕ್ಸಿಮ್ ಬಿಲ್ಲೆಯ ವೃತ್ತ 9 ಮಿಲಿಮೀಟರಿಗೆ ನಿಂತಿದ್ದರೆ, ಅದೇ ಔಷಧಿಯ ಜೊತೆಗೆ ಕ್ಲಾವುಲಾನಿಕ್ ಆಮ್ಲವಿದ್ದ ಪಕ್ಕದ ಬಿಲ್ಲೆಯ ವೃತ್ತ 24 ಮಿಲಿಮೀಟರಿಗೆ ಹಿಗ್ಗಿತ್ತು. ವ್ಯತ್ಯಾಸ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಬ್ಯಾಕ್ಟೀರಿಯಾ ಆ ಗುಂಪಿನ ಔಷಧಿಯನ್ನು ಕತ್ತರಿಸುವ ಕಿಣ್ವವನ್ನು ತಯಾರಿಸುತ್ತಿದೆ, ಕ್ಲಾವುಲಾನಿಕ್ ಆಮ್ಲ ಆ ಕತ್ತರಿಯನ್ನು ಕಟ್ಟಿಹಾಕಿದೆ ಎಂದರ್ಥ. ನಮ್ಮ ದೇಶದಲ್ಲಿ ಅಂಥ ಕಿಣ್ವಗಳಲ್ಲಿ ಹೆಚ್ಚಾಗಿ ಸಿಗುವ ಸಿಟಿಎಕ್ಸ್-ಎಂ-15ರ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ ಮೇಲೆಯೇ ಇರುತ್ತದೆ, ಜೆಂಟಾಮೈಸಿನ್ನನ್ನೂ ಕೋಟ್ರೈಮಾಕ್ಸಜೋಲ್‌ನಲ್ಲಿರುವ ಸಲ್ಫಾವನ್ನೂ ನಿಷ್ಫಲಗೊಳಿಸುವ ಜೀನ್‌ಗಳು ಎಷ್ಟೋ ಸಲ ಅದರ ಮಗ್ಗುಲಲ್ಲೇ ಇರುತ್ತವೆ. ಸಿಪ್ರೋಫ್ಲಾಕ್ಸಸಿನ್ ವಿಷಯ ಮಾತ್ರ ಹಾಗಲ್ಲ. ಅದಕ್ಕೆ ಬಲವಾದ ಪ್ರತಿರೋಧ ಬಹುಮಟ್ಟಿಗೆ ಬ್ಯಾಕ್ಟೀರಿಯಾದ ಸ್ವಂತ ಡಿಎನ್ಎಯಲ್ಲಿ ಆದ ನಕಲಿನ ತಪ್ಪುಗಳಿಂದಲೇ ಬಂದದ್ದು. ಆ ತಪ್ಪುಗಳನ್ನೂ ಗಂಟನ್ನೂ ಒಟ್ಟಿಗೆ ಹೊತ್ತ ತಳಿಗಳು ಈಗ ಲೋಕವೆಲ್ಲ ಹಬ್ಬಿವೆ.

ಮೂತ್ರಪಿಂಡ ಚೆನ್ನಾಗಿದ್ದುದರಿಂದ ವೈದ್ಯರು ನೈಟ್ರೋಫ್ಯುರಾಂಟಾಯಿನ್ ಬರೆದುಕೊಟ್ಟರು, ಉರಿ ನಿಂತಿತು. ದೊಡ್ಡಮ್ಮ ಸುಮ್ಮನಾಗಲಿಲ್ಲ. "ಹಂಗಾರೆ ಆ ಗಂಟು ಹೊತ್ಕೊಂಡಿರೋದು ಹೊಟ್ಟೇಲಿ ಇನ್ನೂ ಐತಾ?" ಎಂದು ಕೇಳಿದರು. ಈ ಔಷಧಿ ಮೂತ್ರದಲ್ಲಿ ಸಾಂದ್ರವಾಗುತ್ತದೆಯೇ ಹೊರತು ಕರುಳನ್ನು ತೊಳೆಯುವುದಿಲ್ಲ, ಆ ಬ್ಯಾಕ್ಟೀರಿಯಾ ಅಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು ಎಂದೆ. ಅವರು ಎದ್ದು ಗೋಡೆಗೂಡಿನಿಂದ ಅರ್ಧ ಉಳಿದಿದ್ದ ಸಿಫಿಕ್ಸಿಮ್ ಪಟ್ಟಿಯನ್ನು ತಂದು ನನ್ನ ಕೈಗಿಟ್ಟರು.