ವಾಸ್ಕೋ ಡ ಗಾಮನ ತಾರೀಖುಗಳು ಮತ್ತು ನಮ್ಮ ಕಾಫಿ ಕಂಟೇನರ್

ಕಾಫಿ ರಫ್ತಿನ ಶಿಪ್ಪಿಂಗ್ ವಿಭಾಗಕ್ಕೆ ಬರುವ ಹೊಸಬರಿಗೆ ಒಂದು ಅಭ್ಯಾಸ ಇದ್ದೇ ಇರುತ್ತದೆ. ಮಂಗಳೂರಿನಿಂದ ಇಟಲಿಗೆ ಎಷ್ಟು ದಿನ ಎಂದು ಕೇಳಿದರೆ ನಕ್ಷೆ ನೋಡಿ ಹೇಳಿಬಿಡುತ್ತಾರೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್ನಿನ ಹೂತಿ ಬಂಡುಕೋರರ ದಾಳಿ ಶುರುವಾಗಿ, ದೊಡ್ಡ ಶಿಪ್ಪಿಂಗ್ ಲೈನುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೊರಟ ಮೇಲೆ ಆ ನಕ್ಷೆಯ ಲೆಕ್ಕ ಎಲ್ಲಿ ಹೋಯಿತೋ! ಹತ್ತು ಹದಿನೈದು ದಿನ ಹೆಚ್ಚು, ಬಾಡಿಗೆಯ ಮೇಲೆ ಸರ್‌ಚಾರ್ಜ್ ಬೇರೆ. "ವಾಸ್ಕೋ ಡ ಗಾಮನ ದಾರೀಲಿ ಕಳಿಸ್ತಿದೀವಿ" ಅಂತ ಆಫೀಸಿನಲ್ಲಿ ತಮಾಷೆ ನಡೆಯುತ್ತಿತ್ತು. ನಾನು ಅದನ್ನೇ ಹಿಡಿದು, ಅವನ ಪ್ರಯಾಣದ ತಾರೀಖುಗಳನ್ನು ಹೊಸಬರ ಮುಂದೆ ಇಡತೊಡಗಿದೆ.

ಹಿನ್ನೆಲೆ ಗೊತ್ತಿರುವುದೇ. ಮಲಬಾರಿನ ಮೆಣಸು ಅರಬ್ ವರ್ತಕರು, ಈಜಿಪ್ಟ್, ವೆನಿಸ್ ಹೀಗೆ ಕೈಯಿಂದ ಕೈಗೆ ಸುಂಕ ತೆತ್ತು ಯುರೋಪ್ ಮುಟ್ಟುತ್ತಿತ್ತು. ನಡುವಿನವರನ್ನು ತಪ್ಪಿಸಬೇಕು ಎಂಬುದು ಪೋರ್ಚುಗೀಸರ ಹಟ. 1488ರಲ್ಲಿ ಬಾರ್ತಲೋಮಿಯೊ ಡಯಾಸ್ ಆಫ್ರಿಕಾದ ತುದಿ ದಾಟಿ ಬಂದಿದ್ದ. 

ಗಾಮ 1497ರ ಜುಲೈ 8ಕ್ಕೆ ಲಿಸ್ಬನ್ ಬಿಟ್ಟ. ಕೇಪ್ ವರ್ಡಿ ದ್ವೀಪಗಳಿಂದ ಮುಂದೆ ಆಫ್ರಿಕಾದ ದಡ ಹಿಡಿದು ಇಳಿಯಲಿಲ್ಲ. ಅಲ್ಲಿ ಗಾಳಿ, ಸಮುದ್ರದ ಸೆಳೆತ ಎರಡೂ ಎದುರು. ಹಾಗಾಗಿ ಅಟ್ಲಾಂಟಿಕ್ ನಡುವಿಗೆ ದೊಡ್ಡ ಬಳಸು ಹೊಡೆದು, ದಕ್ಷಿಣದಲ್ಲಿ ಪಶ್ಚಿಮದ ಗಾಳಿ ಸಿಕ್ಕ ಮೇಲೆ ಪೂರ್ವಕ್ಕೆ ತಿರುಗಿದ. ಆಗಸ್ಟ್ ಮೊದಲ ವಾರದಿಂದ ನವೆಂಬರ್ ಮೊದಲ ವಾರದವರೆಗೆ ನೆಲವೇ ಕಾಣಲಿಲ್ಲ. ನಕ್ಷೆಯಲ್ಲಿ ಹುಚ್ಚು ದಾರಿ, ಹಾಯಿ ಹಡಗಿಗೆ ಅದೇ ಸರಿಯಾದ ದಾರಿ.

ಮುಂದಿನದು ಇನ್ನೂ ಸ್ವಾರಸ್ಯ. ಪೂರ್ವ ಆಫ್ರಿಕಾದ ಮಾಲಿಂದಿಯಲ್ಲಿ ನಮ್ಮ ಅರಬ್ಬಿ ಸಮುದ್ರ ಬಲ್ಲ, ದಾರಿ ತೋರಿಸುವ ಒಬ್ಬ ನಾವಿಕ ಸಿಕ್ಕಿದ. ಏಪ್ರಿಲ್ 24ಕ್ಕೆ ಹೊರಟು, ನೈಋತ್ಯ ಗಾಳಿ ಹಿಡಿದು, ಸುಮಾರು 23 ದಿನದಲ್ಲಿ ನಮ್ಮ ಕರಾವಳಿ ಕಂಡರು. 1498ರ ಮೇ 20ಕ್ಕೆ ಕಲ್ಲಿಕೋಟೆ. ಅಲ್ಲಿನ ರಾಜ ಸಾಮೂದಿರಿಗೆ ತಂದ ಉಡುಗೊರೆ ಬಟ್ಟೆ, ಟೋಪಿ, ಹವಳ, ಬೋಗುಣಿ, ಸಕ್ಕರೆ, ಎಣ್ಣೆ, ಜೇನು. ಅಲ್ಲಿನ ಅಧಿಕಾರಿಗಳು ನಕ್ಕರು. ಮಾರುಕಟ್ಟೆ ತಿಳಿಯದೆ ಸ್ಯಾಂಪಲ್ ಕಳಿಸುವವರು ಇವತ್ತಿಗೂ ಇದ್ದಾರೆ, ಇರಲಿ.

ಆಗಸ್ಟ್ 29ಕ್ಕೆ ಕಲ್ಲಿಕೋಟೆ ಬಿಟ್ಟು, ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಕೊಂಡು, ಅಕ್ಟೋಬರ್ 5ಕ್ಕೆ ಹೊರಟರು. ವಾಪಸು ಹೋಗಲು ಬೇಕಾದ ಈಶಾನ್ಯ ಗಾಳಿ ಇನ್ನೂ ನೆಲೆ ನಿಂತಿರಲಿಲ್ಲ. ಊರಿನ ನಾವಿಕರು ಅದಕ್ಕಾಗಿ ಕಾಯುತ್ತಿದ್ದರು, ಇವರು ಕಾಯಲಿಲ್ಲ. ಆಫ್ರಿಕಾ ಕಂಡಿದ್ದು 1499ರ ಜನವರಿ 2ಕ್ಕೆ. ಹೆಚ್ಚುಕಡಿಮೆ ಅದೇ ಸಮುದ್ರ: ಬರುವಾಗ ಮೂರು ವಾರ, ಹೋಗುವಾಗ ಮೂರು ತಿಂಗಳು. ತಾಜಾ ಹಣ್ಣು ತರಕಾರಿ ಇಲ್ಲದೆ ಬರುವ ಸ್ಕರ್ವಿ ರೋಗದಲ್ಲಿ ಒಸಡು ಊದಿ ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ನಿಲ್ಲುವವರು ಏಳೆಂಟು ಮಂದಿ. ನಡೆಸಲು ಆಳಿಲ್ಲದೆ ಸಾವ್ ರಫಾಯೆಲ್ ಹಡಗನ್ನು ಸುಟ್ಟೇ ಬಿಟ್ಟರು.

ಇಷ್ಟು ಹೇಳಿದ ಮೇಲೆ ಹೊಸಬರಿಗೆ ಕೇಳಲು ಕಲಿಸುವ ಪ್ರಶ್ನೆ ಬೇರೆ: ಯಾವ ತಿಂಗಳು, ಯಾವ ದಾರಿ, ಟ್ರಾನ್ಸ್‌ಶಿಪ್‌ಮೆಂಟ್ (ಒಂದು ಹಡಗಿನಿಂದ ಇನ್ನೊಂದಕ್ಕೆ ಬದಲಾವಣೆ) ಎಲ್ಲಿ, ಅಲ್ಲಿ ಕಂಟೇನರ್ ಎಷ್ಟು ದಿನ ಕಾಯುತ್ತದೆ. ಖರೀದಿದಾರನಿಗೆ ಒಂದೇ ತಾರೀಖು ಬರೆಯಬೇಡಿ, ಇಂಥ ವಾರದಿಂದ ಇಂಥ ವಾರದೊಳಗೆ ಎಂದು ಬರೆಯಿರಿ ಎನ್ನುತ್ತೇನೆ.

ಕಾಫಿಗೆ ಇನ್ನೊಂದು ವಿಷಯವೂ ಇದೆ. ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಹೋಗುವ ಕಂಟೇನರ್ ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ, ನಡುವೆ ಚಳಿ. ಒಳಗಿನ ತೇವ ಛಾವಣಿಗೆ ಹತ್ತಿ, ತಣಿದು, ಮೂಟೆಗಳ ಮೇಲೆ ಹನಿ ಹನಿಯಾಗಿ ಬೀಳುತ್ತದೆ. ಆದ್ದರಿಂದ ಒಳಗೋಡೆಗೆ ಕ್ರಾಫ್ಟ್ ಪೇಪರ್, ತೇವ ಹೀರುವ ಚೀಲಗಳು ಮಾಮೂಲಿಗಿಂತ ಹೆಚ್ಚು. ಸೂಯೆಜ್ ಕಾಲುವೆ 1869ರಲ್ಲಿ ತೆರೆಯುವ ಮೊದಲು ಈ ತೇವವನ್ನೇ ತಿಂಗಳುಗಟ್ಟಲೆ ಕುಡಿದು ಬೀಜ ಹಳದಿ ತಿರುಗಿ ಯುರೋಪ್ ಮುಟ್ಟುತ್ತಿತ್ತಂತೆ, ಅಲ್ಲಿನವರಿಗೆ ಆ ರುಚಿಯೇ ಅಭ್ಯಾಸವಾಗಿತ್ತಂತೆ. ಈಗ ಅದೇ ರುಚಿಗಾಗಿ ನಮ್ಮ ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ಹರವಿ, ಮಳೆಗಾಳಿಗೆ ಒಡ್ಡಿ, ಮತ್ತೆ ಮತ್ತೆ ತಿರುವಿ 'ಮಾನ್ಸೂನ್ಡ್ ಮಲಬಾರ್' ಮಾಡುತ್ತಾರೆ. ಆ ಹಳದಿ ಬೀಜಕ್ಕೆ ಹೊರದೇಶದಲ್ಲಿ ಬೇಡಿಕೆ ಇದೆ. ಪ್ಲಾಂಟೇಶನ್ ಅರೇಬಿಕಾ (ತೊಳೆದು ಸಂಸ್ಕರಿಸಿದ ಕಾಫಿ) ಮಾತ್ರ ಅದೇ ಬಣ್ಣಕ್ಕೆ ತಿರುಗಿ ಅಲ್ಲಿ ಇಳಿದರೆ ಮರುದಿನವೇ ಪರಿಹಾರ ಕೇಳಿ ಕ್ಲೇಮ್ ಬರುತ್ತದೆ.